ಮೇಷ್ಟರಿಗೆ ಎಷ್ಟು ಅಂಕ?

ಅಧ್ಯಾಪಕರ ಬಡ್ತಿಯ ಅರ್ಜಿ ನಮೂನೆಯೊಂದು ಮೊನ್ನೆ ಕಣ್ಣಿಗೆ ಬಿತ್ತು. ಪ್ರಬಂಧಕ್ಕೆ ಇಷ್ಟು ಅಂಕ, ವಿಚಾರಸಂಕಿರಣಕ್ಕೆ ಇಷ್ಟು. ವಿದ್ವತ್ತನ್ನು ಹೀಗೆ ಕೂಡಿ ಕಳೆಯುವುದು ನನಗೆ ಸಹಿಸಲಾಗದ ಸಂಗತಿ. ಅಂದಿನಿಂದ ಎಂ.ಎಸ್. ನರಸಿಂಹನ್ ನೆನಪಾಗುತ್ತಿದ್ದಾರೆ. 2021ರ ಮೇನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಜ್ಯಾಮಿತಿಜ್ಞ.

ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಓದಿದ ಅವರು 1953ರಲ್ಲಿ ಸಿ.ಎಸ್. ಶೇಷಾದ್ರಿಯವರೊಂದಿಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಇಬ್ಬರ ಹೆಸರು ಹೊತ್ತ ಪ್ರಮೇಯ ಅಚ್ಚಾದದ್ದು 1965ರಲ್ಲಿ. ರೀಮನ್ ಮೇಲ್ಮೈಯೊಂದನ್ನು ಊಹಿಸಿಕೊಳ್ಳಿ: ವಡೆಯ ಮೈಯಂತೆ ರಂಧ್ರಗಳಿರಬಹುದಾದ, ಸಂಕೀರ್ಣ ಸಂಖ್ಯೆಗಳ ಲೆಕ್ಕ ನಡೆಯುವ ಮೇಲ್ಮೈ. ಅದರ ಮೇಲೆ ವೆಕ್ಟರ್ ಒಂದನ್ನು ಹಿಡಿದು ಹೊರಟು, ರಂಧ್ರವೊಂದನ್ನು ಸುತ್ತಿ ಹೊರಟಲ್ಲಿಗೇ ಬನ್ನಿ. ವೆಕ್ಟರ್‌ನ ದಿಕ್ಕು ಬದಲಾಗಿರಬಹುದು, ಉದ್ದ ಬದಲಾಗಕೂಡದು. ಇದು ಸುತ್ತಾಟದ ಲೆಕ್ಕ. ಡೇವಿಡ್ ಮಮ್ಫೋರ್ಡ್ ಆಗಷ್ಟೇ ಕೊಟ್ಟಿದ್ದ ‘ಸ್ಥಿರತೆ’ಯ ಕಲ್ಪನೆಯಾದರೋ ಶುದ್ಧ ಬೀಜಗಣಿತದ್ದು, ಅಲ್ಲಿ ಉದ್ದ, ಸುತ್ತಾಟಗಳ ಮಾತೇ ಇಲ್ಲ. ಮೇಲ್ಮೈಯ ಪ್ರತಿ ಬಿಂದುವಿಗೂ ವೆಕ್ಟರ್‌ಗಳ ಒಂದು ಗುಂಪನ್ನು ಅಂಟಿಸಿದರೆ ಅದು ಬಂಡಲ್; ಅದರ ತಿರುಚನ್ನು ಅಳೆಯುವ ಪೂರ್ಣಾಂಕ ಅದರ ಘಾತ. ಮಮ್ಫೋರ್ಡ್ ದಾರಿಯಲ್ಲಿ ಸಿಗುವ ಘಾತ ಸೊನ್ನೆಯ ಸ್ಥಿರ ಬಂಡಲ್‌ಗಳೂ ಈ ಸುತ್ತಾಟದಿಂದ ಹುಟ್ಟುವ, ಒಡೆಯಲಾಗದ ಬಂಡಲ್‌ಗಳೂ ಒಂದೇ ಎಂದು ಅವರಿಬ್ಬರು ಸಾಧಿಸಿದರು. ಸೈಮನ್ ಡೊನಾಲ್ಡ್‌ಸನ್ 1983ರಲ್ಲಿ ಇದಕ್ಕೆ ಹೊಸ ಸಾಧನೆ ಕೊಟ್ಟರು. ಆ ಎಳೆ ಭೌತವಿಜ್ಞಾನದವರೆಗೂ ಹೋಯಿತು.

ಇಲ್ಲಿಯವರೆಗೆ ಬರೆದ ಮೇಲೆ ತಿಳಿಯಿತು, ನನ್ನ ತಕರಾರು ನರಸಿಂಹನ್ ಅವರ ಮೂಲಕ ನಿಲ್ಲುವುದಿಲ್ಲ. ರಾಯಲ್ ಸೊಸೈಟಿಯ ಫೆಲೋ ಆಗಿದ್ದ, ಇಟಲಿಯ ಟ್ರಿಯೆಸ್ಟೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದ ಅವರು ಯಾವ ನಮೂನೆಯಲ್ಲೂ ಗೆಲ್ಲುತ್ತಿದ್ದರು. ಕೇಳಬೇಕಾದದ್ದು ಲೊಯೊಲಾದಲ್ಲಿ ಅವರ ಮೇಷ್ಟರಾಗಿದ್ದ ಫಾದರ್ ರಸೀನ್ ಬಗ್ಗೆ.

ಪ್ಯಾರಿಸ್ಸಿನಲ್ಲಿ ಎಲಿ ಕಾರ್ತಾನ್ ಬಳಿ ಕಲಿತ ಈ ಜೆಸ್ಯೂಟ್ ಪಾದ್ರಿ 1937ರಲ್ಲಿ ಭಾರತಕ್ಕೆ ಬಂದವರು. ಕೇಂಬ್ರಿಜ್‌ನ ಹಳೆಯ ಪರೀಕ್ಷಾ ಗಣಿತವೇ ಗಣಿತವೆಂದಿದ್ದ ಕಾಲದಲ್ಲಿ ಫ್ರಾನ್ಸಿನ ಹೊಸ ಗಣಿತವನ್ನು ಹುಡುಗರ ಮುಂದಿಟ್ಟರು, ಟಾಟಾ ಸಂಸ್ಥೆಗೆ ಹೋಗಿರೆಂದು ದಾರಿ ತೋರಿಸಿದರು. ಗಣಿತಲೋಕ ಅವರನ್ನು ನೆನೆಯುವುದು ಅವರ ಪ್ರಮೇಯಗಳಿಗಾಗಿ ಅಲ್ಲ, ಶಿಷ್ಯರಿಗಾಗಿ.

ಇಂಥ ಮೇಷ್ಟರ ಫಸಲು ಬರುವುದು ಬೇರೆ ಊರಿನಲ್ಲಿ, ಬೇರೆಯವರ ಹೆಸರಿನಲ್ಲಿ. ರಸೀನ್ ಶಿಷ್ಯರಿಬ್ಬರು ಟಾಟಾ ಸಂಸ್ಥೆ ಸೇರಿದ ಮೇಲೂ ಅದಕ್ಕೆ ಹನ್ನೆರಡು ವರ್ಷ ಹಿಡಿಯಿತು. ವರ್ಷವರ್ಷದ ಅಂಕಪಟ್ಟಿಗೆ ಅದು ಕಾಣುವುದೇ ಇಲ್ಲ. ಬಡ್ತಿ ಸಮಿತಿಗಳು ಮೇಷ್ಟರ ಪ್ರಬಂಧ ಎಣಿಸುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳನ್ನು ಕರೆದು ಕೇಳಲಿ.