ಗೆಲುವು ಕಣ್ಣೀರಿನ ರಸೀದಿಯಲ್ಲ

"ಸತ್ತವನ ಸಲುವಾಗಿಯಾದರೂ ಒಂದು ಕಪ್ ಗೆದ್ದು ತರಬಾರದಿತ್ತೇ?" ಈ ಮಾತನ್ನು ಈ ವರ್ಷ ನಮ್ಮ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಕೋಠಿ ಬಸ್ ಸ್ಟಾಪಿನಲ್ಲಿ ಕೇಳಿದ್ದೇನೆ, ನಮ್ಮ ಸಾಹಿತ್ಯ ಸಂಘದ ಬೈಠಕ್ಕಿನಲ್ಲೂ ಕೇಳಿದ್ದೇನೆ. ಮಳೆಗಾಲದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಒಬ್ಬ ಹುಡುಗ ತೀರಿಕೊಂಡ. ಆಮೇಲೆ ತಂಡ ಆಡಿದ್ದು ಮೂರು ಪಂದ್ಯ, ಸೋತದ್ದೂ ಮೂರು. ಸಂತಾಪಸಭೆಯಲ್ಲಿ ಎರಡು ನಿಮಿಷ ತಲೆತಗ್ಗಿಸಿ ನಿಂತವರೇ ಈಗ, "ಅವನ ಮ್ಯಾಲ ಖರೇ ಪ್ರೀತಿ ಇದ್ದಿದ್ರ ಹಿಂಗ ಆಡ್ತಿದ್ರೇನ್ರೀ?" ಅನ್ನುತ್ತಿದ್ದಾರೆ. ನಾನು ಆಡುವವನಲ್ಲ, ಗ್ಯಾಲರಿಯಲ್ಲಿ ಕೂತು ಕೂಗುವವನು. ಆದರೂ ಹೇಳುತ್ತೇನೆ: ಈ ಮಾತು ತಪ್ಪು. ತಿಳಿಯದೆ ಆಡಿದರೂ ಕ್ರೂರವಾದ ತಪ್ಪು.

ಹೀಗೆ ಮಾತಾಡುವವರ ಕೈಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಅದು ನಡೆದದ್ದು ಬೆಂಗಳೂರಿನಲ್ಲೇ. 2004ರ ಡಿಸೆಂಬರ್ 5, ಭಾನುವಾರ. ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಒಂದು ಕಡೆ ಗೋವಾದ ಡೆಂಪೊ, ಇನ್ನೊಂದು ಕಡೆ ಕಲ್ಕತ್ತೆಯ ಮೋಹನ್ ಬಾಗಾನ್. ಬ್ರೆಜಿಲಿನಿಂದ ಬಂದಿದ್ದ 25 ವರ್ಷದ ಕ್ರಿಸ್ಟಿಯಾನೊ ಜೂನಿಯರ್ ಡೆಂಪೊ ಪರವಾಗಿ ಒಂದು ಗೋಲು ಹೊಡೆದ. ಎರಡನೆಯದನ್ನೂ ಹೊಡೆದ. ಆ ಎರಡನೇ ಗೋಲಿನ ಗಳಿಗೆಯಲ್ಲೇ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. ಪಂದ್ಯ 2-0, ಕಪ್ಪು ಡೆಂಪೊಗೆ, ಗೋಲು ಎರಡೂ ಸತ್ತವನವೇ.

ಮುಂದೆ ಅದೇ 2004-05ರ ರಾಷ್ಟ್ರೀಯ ಲೀಗನ್ನೂ ಅರ್ಮಾಂಡೊ ಕೊಲಾಸೊ ಅವರ ತರಬೇತಿಯಲ್ಲಿ ಡೆಂಪೊ ಗೆದ್ದಿತು. ಹತ್ತನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಎತ್ತಿಟ್ಟಿತು. ನೋಡಿದಿರಾ, ದುಃಖವನ್ನೇ ಶಕ್ತಿ ಮಾಡಿಕೊಂಡರು ಅಂತ ಕಥೆ ಹೇಳುವವರಿಗೆ ಇಷ್ಟು ಸಾಕು.

ನಾನು ಕಾಮರ್ಸ್ ವಿದ್ಯಾರ್ಥಿ. ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ, ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಅನ್ನುವುದು. ಈ ಕಥೆ ಹೇಳುವವರೂ ಅದನ್ನೇ ಮಾಡುತ್ತಿದ್ದಾರೆ. ಎಡಗಡೆ ಒಂದು ಸಾವು, ಬಲಗಡೆ ಒಂದು ಕಪ್ಪು, ಕೆಳಗೆ ಗೆರೆ ಎಳೆದು ಲೆಕ್ಕ ಸರಿಹೋಯಿತು ಅನ್ನುತ್ತಾರೆ. ಆದರೆ ಇದೇ ಡೆಂಪೊ 2006-07ರಲ್ಲಿ ಮತ್ತೆ ರಾಷ್ಟ್ರೀಯ ಲೀಗ್ ಗೆದ್ದಿತು. ಅದು ಐ-ಲೀಗ್ ಆದ ಮೇಲೆ 2007-08, 2009-10, 2011-12ರಲ್ಲೂ ಗೆದ್ದಿತು. ಆ ನಾಲ್ಕೂ ಕಪ್ಪುಗಳು ಯಾರ ದುಃಖದಿಂದ ಬಂದವು? ಡೆಂಪೊ ಆಗ ಒಳ್ಳೆಯ ತಂಡವಾಗಿತ್ತು, ಗೆದ್ದಿತು. ಆ ಹುಡುಗ ಬದುಕಿದ್ದರೂ ಗೆಲ್ಲುತ್ತಿತ್ತೋ ಏನೋ. ಗೆಲುವಿಗೆ ಸಾವನ್ನೇ ಕಾರಣ ಮಾಡಿದರೆ, ವರ್ಷಗಟ್ಟಲೆ ಬೆವರು ಸುರಿಸಿದವರಿಗೂ ಅನ್ಯಾಯ, ಸತ್ತವನಿಗೂ ಅನ್ಯಾಯ.

ಹೊರದೇಶದ ಲೆಕ್ಕ ನೋಡಿದರೂ ಅಷ್ಟೇ. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ವಿಮಾನ ಅಪಘಾತವಾಗಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಎಂಟು ಆಟಗಾರರು ಸತ್ತರು. ಆಮೇಲೆ ಆ ಸೀಸನ್ನಿನಲ್ಲಿ ಉಳಿದಿದ್ದ 14 ಲೀಗ್ ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ ಒಂದು. ಅದೇ ತಂಡ, ಅದೇ ತಿಂಗಳುಗಳಲ್ಲಿ, ಎಫ್.ಎ. ಕಪ್ಪಿನ ಫೈನಲ್‌ವರೆಗೂ ಹೋಯಿತು! ಇಟಲಿಯ ಫಿಯೊರೆಂಟಿನಾ ತಂಡದ ನಾಯಕ ಡಾವಿಡೆ ಆಸ್ಟೊರಿ 2018ರ ಮಾರ್ಚ್ 4ರಂದು ಹೋಟೆಲಿನಲ್ಲಿ ಮಲಗಿದಲ್ಲೇ ತೀರಿಕೊಂಡ. ತಂಡ ಮುಂದಿನ ಐದು ಲೀಗ್ ಪಂದ್ಯಗಳನ್ನು ಸಾಲಾಗಿ ಗೆದ್ದಿತು. ಮರುವರ್ಷ ಇಪ್ಪತ್ತು ತಂಡಗಳಲ್ಲಿ ಹದಿನಾರನೆಯದಾಯಿತು. 2025ರ ಜುಲೈ 3ರಂದು ಲಿವರ್‌ಪೂಲಿನ ಡಿಯೊಗೊ ಜೋಟಾ ಸ್ಪೇನಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ತನ್ನ ತಮ್ಮನ ಜೊತೆಗೇ ಸತ್ತ. ಲೀಗಿನ ಮೊದಲ ಐದು ಪಂದ್ಯ ಗೆದ್ದ ತಂಡ ಮುಂದಿನ ನಾಲ್ಕನ್ನು ಸಾಲಾಗಿ ಸೋತಿತು. ಹಾಗಾದರೆ ಹೇಳಿ, ಯಾರ ಪ್ರೀತಿ ಹೆಚ್ಚು, ಯಾರದು ಕಡಿಮೆ? ಗೆದ್ದ ತಿಂಗಳು ನೆನಪಿತ್ತು, ಸೋತ ತಿಂಗಳು ಮರೆತರು ಅನ್ನೋಣವೇ? ಅಂಕಪಟ್ಟಿಯಲ್ಲಿ ಅಳುವಿಗೆ ಕಾಲಂ ಇಲ್ಲ.

ದುಃಖ ಒಂದು ತಂಡದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೈದಾನದ ಬದಿಯಲ್ಲಿ ನಾಲ್ಕು ಸಂಜೆ ನಿಂತು ನೋಡಿ. ಫುಟ್‌ಬಾಲ್ ಬರೀ ಕಣ್ಣಿನ ಆಟವಲ್ಲ, ರೂಢಿಯ ಆಟ. ಎಡಗಡೆ ಅವ ಇದ್ದೇ ಇರ್ತಾನ ಅಂತ ತಿರುಗಿ ನೋಡದೆ ಚೆಂಡು ಒದೆಯುವುದು ಕಾಲಿಗೆ ಅಭ್ಯಾಸವಾಗಿರುತ್ತದೆ. ಅವ ಇಲ್ಲ ಅಂತ ತಲೆಗೆ ಗೊತ್ತು, ಕಾಲಿಗೆ ಇನ್ನೂ ಗೊತ್ತಿಲ್ಲ. ಚೆಂಡು ಖಾಲಿ ಜಾಗಕ್ಕೆ ಹೋಗುತ್ತದೆ, ಗೆರೆ ದಾಟುತ್ತದೆ, ಗ್ಯಾಲರಿಯಲ್ಲಿ ನಾವು ನಗುತ್ತೇವೆ. ಆ ಜಾಗಕ್ಕೆ ಬಂದ ಹೊಸ ಹುಡುಗನ ಪಾಡು ಇನ್ನೂ ಕಷ್ಟ. ಎರಡು ವರ್ಷ ಬೆಂಚಿನ ಮೇಲೆ ಕೂತು ಕಾದವನಿಗೆ ಕೊನೆಗೂ ಟೀಮಿನಲ್ಲಿ ಹೆಸರು ಬಂತು. ಆದರೆ ಅದನ್ನು ಮನೆಯಲ್ಲಿ ಖುಷಿಯಿಂದ ಹೇಳುವಂತಿಲ್ಲ. ಚೆನ್ನಾಗಿ ಆಡಿದರೆ ಅಪರಾಧಿಯಂತೆ, ಕೆಟ್ಟದಾಗಿ ಆಡಿದರೆ ಮೋಸಗಾರನಂತೆ ಅವನನ್ನು ನೋಡುತ್ತೇವೆ. ಇಷ್ಟರ ಮೇಲೆ ನಾವು ಅವನಿಂದ ಕಪ್ಪು ಬೇರೆ ಕೇಳುತ್ತೇವೆ!

ಇನ್ನು, ದುಃಖ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಇರುವುದಿಲ್ಲ. ಬೆಂಗಳೂರಿನ ಆ ಫೈನಲ್‌ನಲ್ಲಿ ಮೋಹನ್ ಬಾಗಾನ್ ಗೋಲು ಕಾಯುತ್ತಿದ್ದ ಸುಬ್ರತಾ ಪಾಲ್‌ಗೆ ಆಗ ಬರೀ ಹದಿನೇಳು ವರ್ಷ, ನಮಗಿಂತ ಚಿಕ್ಕವ. ಆ ಡಿಕ್ಕಿಯ ಸರಿತಪ್ಪಿನ ವಿಚಾರಣೆ ಇಲ್ಲಿ ಬೇಡ. ಫೆಡರೇಷನ್ ಅವನನ್ನು ಕೆಲಕಾಲ ಅಮಾನತಿನಲ್ಲಿಟ್ಟಿತು. ಅದೇ ಹುಡುಗ 2011ರ ಏಷ್ಯಾ ಕಪ್ಪಿನಲ್ಲಿ ಭಾರತದ ಗೋಲು ಕಾದ, 2016ರಲ್ಲಿ ಅರ್ಜುನ ಪ್ರಶಸ್ತಿ ಪಡೆದ. ಡೆಂಪೊಗೆ ಅಳಲಿಕ್ಕೆ ಒಂದು ಊರೇ ಜೊತೆಗಿತ್ತು. ಆ ಹದಿನೇಳರ ಹುಡುಗನ ಜೊತೆ ಎಷ್ಟು ಜನ ಇದ್ದಿರಬಹುದು? 'ಅವನಿಗಾಗಿ ಗೆದ್ದರು' ಎಂಬ ಕಥೆಯಲ್ಲಿ ಇಂಥವರಿಗೆ ಜಾಗವೇ ಸಿಗುವುದಿಲ್ಲ.

ಹಾಗಂತ ಎಲ್ಲದಕ್ಕೂ ದುಃಖದ ನೆಪ ಹೇಳುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ಹೈದರಾಬಾದಿನಲ್ಲಿ "ರಹೀಂ ಸಾಬರು ಹೋದರು, ಫುಟ್‌ಬಾಲೂ ಹೋಯಿತು" ಅನ್ನುವವರಿದ್ದಾರೆ. ಸೈಯದ್ ಅಬ್ದುಲ್ ರಹೀಂ ಸಾಮಾನ್ಯರಲ್ಲ. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ರೋವರ್ಸ್ ಕಪ್ ಗೆದ್ದಿತ್ತು. 1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದಾಗಲೂ ಅವರೇ ಕೋಚ್. 1963ರ ಜೂನ್ 11ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಭಾರತಕ್ಕೆ ಆ ಚಿನ್ನ ಇವತ್ತಿನವರೆಗೂ ಮತ್ತೆ ಸಿಕ್ಕಿಲ್ಲ. ಅರವತ್ತು ವರ್ಷವಾದರೂ ಅದಕ್ಕೆ ಒಬ್ಬರ ಸಾವನ್ನೇ ಕಾರಣ ಹೇಳುವುದು ಶೋಕವಲ್ಲ, ಸೋಮಾರಿತನ. ಹೋದವರ ಕೆಲಸವನ್ನು ಮುಂದೆ ನಡೆಸುವ ಏರ್ಪಾಡು ಮಾಡದೆ ಅವರ ಫೋಟೋಕ್ಕೆ ಹಾರ ಹಾಕುತ್ತಾ ಕೂತರೆ ಹೀಗೇ ಆಗುವುದು.

ನನ್ನ ಮುಖ್ಯ ಮಾತು ಈ ಏರ್ಪಾಡಿನದೇ. ಕ್ರಿಸ್ಟಿಯಾನೊ ಸತ್ತಾಗ ಮೈದಾನದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ದೇಶವೆಲ್ಲ ಗದ್ದಲವಾಯಿತು. ಏಳು ವರ್ಷ ಕಳೆದು, 2012ರ ಮಾರ್ಚ್ 21ರಂದು, ಅದೇ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಎ ಡಿವಿಷನ್ ಲೀಗ್ ಪಂದ್ಯ ಆಡುತ್ತಿದ್ದ ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಆಟಗಾರನೊಬ್ಬ ಕುಸಿದು ಬಿದ್ದ. ಆಂಬುಲೆನ್ಸ್ ಇರಲಿಲ್ಲ. ಆಟೋರಿಕ್ಷಾದಲ್ಲಿ ಒಯ್ದರು. ಬದುಕಲಿಲ್ಲ. ಒಂದು ಕಪ್ಪು, ಒಂದು ಲೀಗು, ಎತ್ತಿಟ್ಟ ಒಂದು ಅಂಗಿ, ಇಷ್ಟೆಲ್ಲ ಗೌರವ ಸಂದ ಮೇಲೂ ಅದೇ ಊರಿನ ಇನ್ನೊಂದು ಮೈದಾನಕ್ಕೆ ಒಂದು ಆಂಬುಲೆನ್ಸ್ ಬಂದಿರಲಿಲ್ಲ. ಸತ್ತವನ ಸಾಲ ತೀರಿಸುವುದು ಅಂದರೆ ಇದಲ್ಲವೇ, ಮುಂದಿನವನು ಸಾಯದಂತೆ ನೋಡಿಕೊಳ್ಳುವುದು? ಆ ಸಾಲ ಹನ್ನೊಂದು ಆಟಗಾರರದಲ್ಲ. ಅವರನ್ನು ಆಡಿಸುವವರದು, ಮತ್ತು ಕೂತು ನೋಡುವ ನಮ್ಮದು.

ಆದ್ದರಿಂದ ಮಿತ್ರರೇ, ಹುಡುಗರಿಂದ ಕಪ್ಪು ಕೇಳುವ ಮೊದಲು ನಾವೇ ಕೆಲವನ್ನು ಕೇಳಿ ಪಡೆಯೋಣ. ನಮ್ಮ ಮೈದಾನದಲ್ಲಿ ಪಂದ್ಯವಿದ್ದ ದಿನ ಒಂದು ವಾಹನ ತಯಾರು ನಿಂತಿರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗವಿದ್ದರೆ ಬೀಗದ ಕೈ ಮೈದಾನದಲ್ಲೇ ಇರಲಿ. ಉಸಿರು ನಿಂತವನ ಎದೆ ಒತ್ತುವುದು ಹೇಗೆಂದು ಪ್ರತಿ ತಂಡದಲ್ಲಿ ನಾಲ್ಕು ಜನಕ್ಕಾದರೂ ಕಲಿಸಲಿ. "ಈ ವಾರ ನನ್ನಿಂದ ಆಗೋದಿಲ್ಲ ಸರ್" ಎಂದು ಆಟಗಾರನೊಬ್ಬ ಹೇಳಿದರೆ ಅವನನ್ನು ಹೇಡಿ ಅನ್ನದಿರಲಿ. ಇದಕ್ಕಾಗಿ ಪ್ರಿನ್ಸಿಪಾಲರಿಗೆ ಕೊಡುವ ಮನವಿ ಬರೆದಿಟ್ಟಿದ್ದೇನೆ. ಸಂಘದ ಕೋಣೆಯಲ್ಲಿದೆ, ಸಹಿ ಹಾಕುವವರು ಬನ್ನಿ.

ಇನ್ನೆರಡು ಪಂದ್ಯ ಬಾಕಿ ಇವೆ. ಅವನ್ನೂ ಸೋಲಬಹುದು. ಸೋಲಲಿ. ನೋಡಲು ಹೋಗುವವರು ಒಂದು ಉಪಕಾರ ಮಾಡಿ: ಎಡಗಡೆ ಆಡುವ ಆ ಹೊಸ ಹುಡುಗನ ಹೆಸರು ಕೇಳಿ ತಿಳಿದುಕೊಳ್ಳಿ. ಅವನ ಕಾಲಿಗೆ ಚೆಂಡು ಬಂದಾಗ ಆ ಹೆಸರು ಹಿಡಿದು ಒಮ್ಮೆ ಜೋರಾಗಿ ಕೂಗಿ.