ಬಹುಮಾನ ಕೊಟ್ಟಾಯಿತು, ಮುಂದೇನು?

ಪ್ರತಿಭಾ ಕಾರಂಜಿಯ ದಿನ ನಮ್ಮ ಸರ್ಕಾರಿ ಶಾಲೆಗಳ ಅಂಗಳವನ್ನು ನೋಡಬೇಕು. ಒಂದು ಕೊಠಡಿಯಲ್ಲಿ ಕಂಠಪಾಠ, ಪಕ್ಕದ್ದರಲ್ಲಿ ಭಾವಗೀತೆ, ಜಗಲಿಯ ಮೇಲೆ ರಂಗೋಲಿ, ಬೇವಿನ ಮರದ ಕೆಳಗೆ ಮಣ್ಣಿನ ಮಾದರಿ. ಬಾಡಿಗೆ ಅಂಗಡಿಯಿಂದ ತಂದ ಕಿರೀಟವನ್ನು ಸರಿಮಾಡಿಕೊಳ್ಳುತ್ತ ಒಬ್ಬ ಕೃಷ್ಣದೇವರಾಯ, ಅವನ ಹಿಂದೆ ಸರದಿಯಲ್ಲಿ ಇಬ್ಬರು ಒನಕೆ ಓಬವ್ವಂದಿರು. ಎರಡು ದಶಕದಿಂದ ನಡೆದುಬಂದಿರುವ ಈ ಕಾರ್ಯಕ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ತರಗತಿಯಲ್ಲಿ ಬಾಯಿ ಬಿಡದ ಎಷ್ಟೋ ಮಕ್ಕಳ ಕೈಗೆ ಅದು ಮೈಕು ಕೊಟ್ಟಿದೆ. ನನ್ನ ತಕರಾರೇನಿದ್ದರೂ ಬಹುಮಾನ ಕೊಟ್ಟ ಮಾರನೆಯ ದಿನದ್ದು.

ಕ್ಲಸ್ಟರಿನಲ್ಲಿ ಗೆದ್ದವರು ತಾಲ್ಲೂಕಿಗೆ ಹೋಗುತ್ತಾರೆ, ಅಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ರಾಜ್ಯಮಟ್ಟಕ್ಕೆ. ಸೋತಲ್ಲಿಗೆ ಪ್ರಯಾಣ ಮುಗಿಯಿತು, ಗೆದ್ದರೂ ಮುಗಿಯುವುದೇ. ಏಳನೇ ತರಗತಿಯ ಹುಡುಗಿಯೊಬ್ಬಳು ಇಡೀ ತಾಲ್ಲೂಕಿಗೇ ಚೆನ್ನಾಗಿ ಹಾಡುತ್ತಾಳೆಂದು ಸರ್ಕಾರವೇ ಮುದ್ರೆ ಒತ್ತಿ ಪ್ರಮಾಣಪತ್ರ ಕೊಡುತ್ತದೆ. ಆಮೇಲೆ ಅವಳಿಗೆ ಸ್ವರ ಹೇಳಿಕೊಡುವವರು ಯಾರು, ವಾರಕ್ಕೊಮ್ಮೆಯಾದರೂ ಅವಳ ಹಾಡು ಕೇಳುವವರು ಯಾರು ಎಂದು ಯಾವ ಕಡತವೂ ಕೇಳುವುದಿಲ್ಲ. ಮುಂದಿನ ವರ್ಷ ಅವಳು ಅದೇ ಹಾಡಿನೊಂದಿಗೆ ಬರುತ್ತಾಳೆ. ಹತ್ತನೇ ತರಗತಿ ಬಂತೆಂದರೆ ಅದೂ ನಿಲ್ಲುತ್ತದೆ.

ಒಮ್ಮೆ ಮಣ್ಣಿನ ಮಾದರಿ ವಿಭಾಗಕ್ಕೆ ನನ್ನನ್ನೂ ನಿರ್ಣಾಯಕನಾಗಿ ಕರೆದಿದ್ದರು. ಸಾಲಾಗಿ ಗಣಪತಿ, ಶಿವಲಿಂಗ, ಬಸವಣ್ಣ. ನಡುವೆ ಒಬ್ಬ ಹುಡುಗ ಎಮ್ಮೆ ಮಾಡಿಟ್ಟಿದ್ದ. ಕಾಲು ಮಡಚಿ ಮಲಗಿ, ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿ ಬೆನ್ನ ಮೇಲಿನ ನೊಣ ಓಡಿಸುತ್ತಿದ್ದ ಎಮ್ಮೆ. ಒಂದು ಕೊಂಬು ಮೊಟಕಾಗಿತ್ತು. ಮುರಿಯಿತೇನೋ ಎಂದು ಕೇಳಿದರೆ, “ಇಲ್ರಿ ಸರ್, ನಮ್ಮ ಎಮ್ಮೀದು ಹಂಗೇ ಐತ್ರಿ” ಅಂದ. ಮೊದಲ ಬಹುಮಾನ ಗಣಪತಿಗೆ ಹೋಯಿತು. ಅದು ನುಣುಪಾಗಿತ್ತು, ಸೊಂಡಿಲು ಸರಿಯಾಗಿ ಬಾಗಿತ್ತು. ನಮಗೆ ಕೊಟ್ಟ ಅಂಕಪಟ್ಟಿಯಲ್ಲಿ ಅಚ್ಚುಕಟ್ಟುತನಕ್ಕೆ ಒಂದು ಕಾಲಂ ಇತ್ತು. ಮೊಟಕು ಕೊಂಬನ್ನು ಕಂಡ ಕಣ್ಣಿಗೆ ಇರಲಿಲ್ಲ.

ಸ್ಪರ್ಧೆಯ ಸ್ವಭಾವವೇ ಹಾಗೆ. ಕಲಿಸಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದವರಿಗೆ ಚಪ್ಪಾಳೆ. ಟೀವಿಯ ಹಾಡಿನ ಶೋಗಳಲ್ಲೂ ಇದೇ ಲೆಕ್ಕ: ಮೂಲ ಗಾಯಕರ ಉಸಿರು, ಕಂಪನವನ್ನೂ ಬಿಡದೆ ನಕಲು ಮಾಡಿದ ಮಗುವಿಗೆ ತೀರ್ಪುಗಾರರು ಎದ್ದು ನಿಲ್ಲುತ್ತಾರೆ. ನಕಲು ಮಾಡುವುದು ತಪ್ಪಲ್ಲ, ಕಲಿಕೆ ಶುರುವಾಗುವುದೇ ಅಲ್ಲಿಂದ. ಅಲ್ಲಿಂದ ಮುಂದಕ್ಕೆ ಕೈಹಿಡಿದು ನಡೆಸುವವರು ಸಿಗದಿದ್ದರೆ ಮಾತ್ರ ಬಾಲಪ್ರತಿಭೆ ಬಾಲ್ಯಕ್ಕೇ ಮುಗಿಯುತ್ತದೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಮಕಾಳಿಮಠನೂ ಇಂಥ ನಕಲಿನ ಪವಾಡವೇ ಆಗಿದ್ದ. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ದೊಡ್ಡ ದೊಡ್ಡ ಗವಾಯಿಗಳ ಹಾಡಿಕೆಯನ್ನು ತಾನುಗಳ ಸಮೇತ ಹಾಗ್ಹಾಗೇ ಹಾಡಿ ತೋರಿಸುತ್ತಿದ್ದ. ತಂದೆ ಅವನನ್ನು ಊರೂರಿಗೆ ಕರೆದೊಯ್ದು ಕಛೇರಿ ಮಾಡಿಸಿದರು. ಎಳೆಯ ವಯಸ್ಸಿನಲ್ಲೇ ಕುಮಾರ ಗಂಧರ್ವ ಎಂಬ ಬಿರುದೂ ಬಂತು. ಇಂದಾಗಿದ್ದರೆ ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ನೋಡಿ, ಎರಡು ವರ್ಷಕ್ಕೆ ಮರೆತೂ ಬಿಡುತ್ತಿದ್ದರು. ಅವನ ಪುಣ್ಯಕ್ಕೆ ಹನ್ನೊಂದರ ಆಸುಪಾಸಿನಲ್ಲಿ ಮುಂಬಯಿಯ ಬಿ.ಆರ್. ದೇವಧರರ ಕೈಗೆ ಬಿದ್ದ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆದರೆ ಒಂದೇ ಘರಾಣೆಗೆ ಗಂಟುಬಿದ್ದವರಲ್ಲ. ಬೇರೆ ಬೇರೆ ಘರಾಣೆಗಳ ಸಂಗೀತ ಕಿವಿಗೆ ಬೀಳುವಂಥ ಶಾಲೆ ಅವರದು. ಹಾಡಬಲ್ಲ ಹುಡುಗನನ್ನು ಸಂಗೀತ ಯೋಚಿಸಬಲ್ಲವನನ್ನಾಗಿ ಮಾಡಲು ಅಲ್ಲಿ ವರ್ಷಗಳೇ ಹಿಡಿದವು. ಮುಂದೆ ಕ್ಷಯ ತಗುಲಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಕುಮಾರ ಗಂಧರ್ವರ ಕಿವಿ ಮಾಳವದ ಹಳ್ಳಿ ಹೆಂಗಸರ ಹಾಡಿನ ಮೇಲಿತ್ತು. ಎದ್ದಮೇಲೆ ಆ ಧಾಟಿಗಳಿಂದಲೇ ಹೊಸ ರಾಗ ಕಟ್ಟಿದರು. ಸಂಪ್ರದಾಯಸ್ಥರು ಮೂಗು ಮುರಿದರು. ತಟ್ಟೆಯ ಹಾಡನ್ನು ಒಪ್ಪಿಸುತ್ತಿದ್ದ ಹುಡುಗನಿಂದ ಮೂಗು ಮುರಿಸುವಷ್ಟು ಸ್ವಂತದ ಗಾಯಕನವರೆಗಿನ ಈ ದಾರಿಯನ್ನೇ ನಾನು ಸೃಜನಶೀಲತೆ ಎನ್ನುವುದು.

ಅವರಿಗಿಂತ ಎರಡು ವರ್ಷ ಹಿರಿಯರು ಗದುಗಿನ ಭೀಮಸೇನ ಜೋಶಿ. ಹುಡುಗನಾಗಿದ್ದಾಗ ಭಜನೆಯೋ ಬ್ಯಾಂಡಿನ ಮೆರವಣಿಗೆಯೋ ಕಂಡರೆ ಹಿಂದೆಯೇ ಹೊರಟು, ಸುಸ್ತಾದಲ್ಲಿ ಮಲಗಿಬಿಡುತ್ತಿದ್ದನಂತೆ. ಶಾಲಾ ಮಾಸ್ತರರಾಗಿದ್ದ ತಂದೆ ಹುಡುಕಿ ಬೇಸತ್ತು, ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು. ಕಂಡವರು ಮನೆಗೆ ತಂದು ಬಿಡುತ್ತಿದ್ದರು. ಈ ಉಪಾಯ ನನಗೆ ಬಹಳ ಇಷ್ಟ. ಮಗ ಮೆರವಣಿಗೆಯ ಹಿಂದೆ ಹೋಗುವುದನ್ನು ಅದು ತಡೆಯಲಿಲ್ಲ, ಕಳೆದುಹೋಗುವುದನ್ನು ಮಾತ್ರ ತಡೆಯಿತು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿ ಹುಡುಗ ಮನೆ ಬಿಟ್ಟೇ ಓಡಿದ. ಉತ್ತರ ಹಿಂದೂಸ್ಥಾನವೆಲ್ಲ ಅಲೆದು, 1936ರಲ್ಲಿ ಗದುಗಿನಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿದ.

ಎಲ್ಲ ಮಕ್ಕಳೂ ಹೀಗೆ ಓಡಿಹೋಗಿಯೇ ಗುರುವನ್ನು ಹುಡುಕಲಿ ಎನ್ನಲಾದೀತೆ? ಮೊಟಕು ಕೊಂಬಿನ ಎಮ್ಮೆಯ ಹುಡುಗ ಎಲ್ಲಿಗೆ ಓಡಬೇಕು?

ಓದಿನ ಪ್ರತಿಭೆಯ ಕಥೆಯೂ ಬೇರೆಯಲ್ಲ. ಗಣಿತವೊಂದನ್ನು ಬಿಟ್ಟು ಉಳಿದದ್ದರಲ್ಲಿ ನಪಾಸಾದದ್ದಕ್ಕೆ ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡರು. ಎಲ್ಲ ವಿಷಯದಲ್ಲೂ ತೊಂಬತ್ತು ತೆಗೆಯುವವರನ್ನೇ ಜಾಣರೆಂದು ಕರೆಯುವ ನಮ್ಮ ಪದ್ಧತಿ ಇಂದಿಗೂ ಹಾಗೇ ಇದೆ. 1963ರಿಂದ ನಡೆದುಬಂದಿದ್ದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆಯೂ 2021ರ ಬಳಿಕ ನಿಂತುಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗಾಗಿ ಶಾಲೆಯಿಂದ ಜಿಲ್ಲೆಯವರೆಗೆ ಕ್ಲಬ್ಬುಗಳು ಬೇಕೆಂದು ಬರೆದಿದೆ. ಬರೆದದ್ದು ಚೆನ್ನಾಗಿದೆ.

ಇದಕ್ಕೆ ಹೊಸ ಯೋಜನೆಯನ್ನೇ ಹುಟ್ಟುಹಾಕಬೇಕಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಅಧೀನದ ಸಿಸಿಆರ್‌ಟಿ ಎಂಬ ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸಂಗೀತ, ನೃತ್ಯ, ನಾಟಕ, ಚಿತ್ರ, ಶಿಲ್ಪ, ಕರಕುಶಲ ಕಲೆಗಳನ್ನು ಗುರುವಿನ ಬಳಿ ಕಲಿಯಲು ವಿದ್ಯಾರ್ಥಿವೇತನ ಕೊಡುತ್ತದೆ. ಒಂದು ಸಲದ ಬಹುಮಾನವಲ್ಲ ಅದು. ಕಲಿಕೆ ಸರಿಯಾಗಿ ಸಾಗುತ್ತಿದ್ದರೆ ಕಾಲೇಜಿನವರೆಗೂ ಮುಂದುವರಿಯುತ್ತದೆ. ಹಳ್ಳಿಶಾಲೆಗಳಲ್ಲಿ ಇದರ ಹೆಸರು ಕೇಳಿದವರೇ ನನಗೆ ಅಪರೂಪವಾಗಿ ಸಿಕ್ಕಿದ್ದಾರೆ.

ಆದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ ಒಂದು ವಿನಂತಿ. ಈ ಸಲದ ಪ್ರತಿಭಾ ಕಾರಂಜಿಯ ವಿಜೇತರ ಪಟ್ಟಿಯನ್ನು ಬೀರುವಿಗೆ ಸೇರಿಸುವ ಮುನ್ನ, ನಿಮ್ಮ ತಾಲ್ಲೂಕಿನ ಸಂಗೀತ ಮೇಷ್ಟ್ರು, ಮೂರ್ತಿ ಮಾಡುವವರು, ನಾಟಕದವರು, ನಿವೃತ್ತ ಗಣಿತ ಮಾಸ್ತರರು ಇಷ್ಟು ಜನರನ್ನು ಒಂದು ಸಂಜೆ ಚಹಾಕ್ಕೆ ಕರೆಯಿರಿ. ಒಬ್ಬೊಬ್ಬರಿಗೆ ಒಂದೊಂದು ಮಗುವಿನ ಹೆಸರು ಒಪ್ಪಿಸಿ, ವಾರಕ್ಕೊಂದು ತಾಸು ಕೇಳಿ. ಸಿಸಿಆರ್‌ಟಿ ಅರ್ಜಿಯನ್ನು ಮುಖ್ಯ ಶಿಕ್ಷಕರೇ ಕೂತು ತುಂಬಿಸಲಿ. ಪಟ್ಟಿ ಮಾಡುವಾಗ ಮೂರನೇ ಬಹುಮಾನದವರನ್ನೂ, ಬಹುಮಾನ ಬಾರದವರನ್ನೂ ಒಮ್ಮೆ ನೋಡಿ.