ವಸಿಯ್ಯತ್ ಬರೆಯದ ಪ್ರಯಾಣಿಕರು

ಸ್ವಾತಂತ್ರ್ಯಪೂರ್ವದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಸೀಮೆಯು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತುಂಗಭದ್ರೆಯಾಚೆಯ ಕೊಪ್ಪಳ ನಿಜಾಮರದು, ಮುಂಡರಗಿ ಮುಂಬಯಿ ಪ್ರಾಂತ್ಯದ್ದು, ದಕ್ಷಿಣದ ದಾವಣಗೆರೆ ಮೈಸೂರು ಅರಸರದು. ಪಕ್ಕದ ಸೊಂಡೂರು ಬೇರೆಯೇ ಸಂಸ್ಥಾನ. ಮದುಮಗಳು ಹೊಳೆ ದಾಟಿ ಬಂದಳೆಂದರೆ ಒಂದು ಆಡಳಿತವನ್ನೇ ದಾಟಿ ಬಂದಂತಾಗುತ್ತಿತ್ತು. ಆದರೂ ಅವಳ ಹಕ್ಕಿಗೆ ಧಕ್ಕೆ ಬಂದರೆ ಎರಡೂ ದಡದ ಹಿರಿಯರು ಒಂದೆರಡು ದಿನಗಳ ಪ್ರಯಾಣದಲ್ಲಿ ಒಂದೆಡೆ ಸೇರಬಹುದಿತ್ತು. ನಿಕಾಹ್‌ಗೆ ಸಾಕ್ಷಿಯಾದವರು ಕಣ್ಣೆದುರಿಗೇ ಇದ್ದರು.

ಇಂದು ನಮ್ಮ ಗಡಿ ಹೊಳೆಯಲ್ಲ, ಅರಬ್ಬೀ ಸಮುದ್ರ. ಕರಾವಳಿಯಷ್ಟಲ್ಲದಿದ್ದರೂ ಈ ಬಯಲುಸೀಮೆಯ ಊರುಗಳಿಂದಲೂ ಯುವಕರು ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳ ಹಾದಿ ಹಿಡಿದಿದ್ದಾರೆ. ಅವರು ಕಳುಹಿಸುವ ಹಣ ಕ್ಷಣಮಾತ್ರದಲ್ಲಿ ಗಡಿ ದಾಟುತ್ತದೆ. ಆದರೆ ಅವರ ಪತ್ನಿ ಮಕ್ಕಳ ಹಕ್ಕು ಅಷ್ಟು ಸುಲಭವಾಗಿ ಗಡಿ ದಾಟುತ್ತದೆಯೇ?

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹಿರಿಯ ಮಗ ಹತ್ತು ವರ್ಷ ವಿದೇಶದಲ್ಲಿ ಚಾಲಕನಾಗಿ ದುಡಿಯುತ್ತಾನೆ. ಅವನ ಹಣದಿಂದ ಊರಿನಲ್ಲಿ ನಾಲ್ಕು ಎಕರೆ ಹೊಲ ಕೊಳ್ಳುತ್ತಾರೆ, ಮನೆ ಕಟ್ಟುತ್ತಾರೆ. ಎಲ್ಲವೂ ತಂದೆಯ ಹೆಸರಿನಲ್ಲಿ. ಇದರಲ್ಲಿ ಯಾರ ಕಪಟವೂ ಇಲ್ಲ. ತಂದೆಯ ಮೇಲಿನ ಗೌರವ ಒಂದು ಕಾರಣವಾದರೆ, ಕಾನೂನು ಇನ್ನೊಂದು ಕಾರಣ. ವಿದೇಶದಲ್ಲಿ ಉದ್ಯೋಗದಲ್ಲಿರುವ ಭಾರತೀಯನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳಂತೆ ಇಲ್ಲಿ ಮನೆ, ನಿವೇಶನ ಖರೀದಿಸಬಹುದು, ಕೃಷಿಭೂಮಿ ಖರೀದಿಸುವಂತಿಲ್ಲ. ಹಾಗಾಗಿ ಹೊಲ ಊರಲ್ಲಿರುವವರ ಹೆಸರಿಗೆ ಹೋಗುತ್ತದೆ.

ಒಂದು ದಿನ ಆ ಮಗ ಪರದೇಶದಲ್ಲೇ ಮರಣ ಹೊಂದುತ್ತಾನೆ. ತಂದೆ ಇನ್ನೂ ಬದುಕಿದ್ದಾರೆ. ಈಗ ಅವನ ವಿಧವೆಗೆ ಸಿಗುವುದೇನು? ಮಕ್ಕಳಿರುವ ವಿಧವೆಗೆ ಪತಿಯ ಸೊತ್ತಿನಲ್ಲಿ ಎಂಟನೆಯ ಒಂದು ಪಾಲನ್ನು ಕುರ್‌ಆನ್ ನಿಗದಿಪಡಿಸಿದೆ. ಬಾಕಿ ಉಳಿದ ಮಹರ್ ಸಾಲವಾದ್ದರಿಂದ ಪಾಲು ಹಂಚುವ ಮೊದಲೇ ಅದನ್ನು ತೀರಿಸಬೇಕು. ಆದರೆ ಪಾಲು ಮಾಡಲು ಮೃತನ ಹೆಸರಿನಲ್ಲಿ ಸೊತ್ತಾದರೂ ಎಲ್ಲಿದೆ? ನೋಂದಣಿ ಪತ್ರದಲ್ಲಿರುವುದು ತಂದೆಯ ಹೆಸರು. ಮುಂದೆ ತಂದೆ ತೀರಿಕೊಂಡಾಗ ಅವರ ಉಳಿದ ಪುತ್ರರು ಬದುಕಿರುವುದರಿಂದ ಮೃತ ಮಗನ ಮಕ್ಕಳು ಅಜ್ಜನ ವಾರಸುದಾರರಾಗುವುದಿಲ್ಲ. ಹೀಗೆ ತಮ್ಮ ತಂದೆಯ ಬೆವರಿನಿಂದ ಕೊಂಡ ಹೊಲದಲ್ಲಿ ಆ ಅನಾಥರಿಗೆ ಅಂಗುಲ ಭೂಮಿಯೂ ಉಳಿಯುವುದಿಲ್ಲ.

ಇದನ್ನೇ ಮುಂದಿಟ್ಟು ಶರೀಅತ್ ಅನ್ಯಾಯವೆಂದು ಕೂಗುವವರಿದ್ದಾರೆ. ಅವರಿಗೆ ಉತ್ತರ ಕೊಡುವ ಮೊದಲು ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ವಾರಸುದಾರರಲ್ಲದ ಬಂಧುಗಳಿಗಾಗಿ ಸೊತ್ತಿನ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಮಾಡುವ ಅವಕಾಶವನ್ನು ಅದೇ ಶರೀಅತ್ ನೀಡಿದೆ. ಮೊಮ್ಮಕ್ಕಳು ವಾರಸುದಾರರಲ್ಲ ಎಂಬ ಕಾರಣಕ್ಕಾಗಿಯೇ ಅಜ್ಜ ಅವರ ಹೆಸರಿಗೆ ವಸಿಯ್ಯತ್ ಬರೆಯಬಹುದು. ಆ ಮಿತಿಯೊಳಗೆ ಇತರ ಮಕ್ಕಳ ಒಪ್ಪಿಗೆಯೂ ಬೇಕಿಲ್ಲ. ಜೀವಿತಾವಧಿಯಲ್ಲೇ ಹಿಬಾ ಮಾಡಿ ಸ್ವಾಧೀನ ಬಿಟ್ಟುಕೊಡಲೂಬಹುದು. ಈಜಿಪ್ಟ್ 1946ರಲ್ಲೇ ಇಂತಹ ಮೊಮ್ಮಕ್ಕಳಿಗಾಗಿ ಕಡ್ಡಾಯ ವಸಿಯ್ಯತ್‌ನ ಕಾನೂನು ತಂದಿತು. ಭಾರತದಲ್ಲಿ ಅಂತಹ ಕಾನೂನಿಲ್ಲ. ಆದ್ದರಿಂದ ಇಲ್ಲಿ ಅದು ಅಜ್ಜನ ಆತ್ಮಸಾಕ್ಷಿಗೆ ಬಿಟ್ಟ ಹೊಣೆ. ಮೊಮ್ಮಕ್ಕಳಿಗೆ ಪಾಲಿಲ್ಲವೆಂಬ ನಿಯಮವನ್ನು ನಾವು ಚೆನ್ನಾಗಿ ನೆನಪಿಟ್ಟಿದ್ದೇವೆ. ಅದರ ಜೊತೆಗಿರುವ ಪರಿಹಾರವನ್ನು ಮರೆತಿದ್ದೇವೆ. ತಪ್ಪು ಶರೀಅತ್‌ನದೋ, ನಮ್ಮದೋ?

‘ತಂದೆಮಕ್ಕಳ ನಡುವೆ ಬರವಣಿಗೆಯೇ? ಅಣ್ಣತಮ್ಮಂದಿರನ್ನು ನಂಬಬಾರದೇ?’ ಎಂದು ಕೇಳುವವರುಂಟು. ಬರೆದಿಡುವುದು ಅಪನಂಬಿಕೆಯಾಗಿದ್ದರೆ, ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇರುತ್ತಿರಲಿಲ್ಲ. ಪ್ರಯಾಣದಲ್ಲಿರುವಾಗ ಮರಣ ಸಮೀಪಿಸಿದರೆ ವಸಿಯ್ಯತ್‌ಗೆ ಇಬ್ಬರು ಸಾಕ್ಷಿಗಳಿರಬೇಕೆಂದು ಅಲ್‌ಮಾಇದ ಅಧ್ಯಾಯ ಕಲಿಸುತ್ತದೆ. ವಸಿಯ್ಯತ್ ಮಾಡಬೇಕಾದದ್ದು ಏನಾದರೂ ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿಗಳನ್ನು ಕಳೆಯಬಾರದೆಂಬ ಆಶಯದ ಪ್ರವಾದಿ(ಸ) ವಚನವನ್ನು ನಮ್ಮ ಮದ್ರಸಾಗಳಲ್ಲಿ ಓದಿಸಲಾಗುತ್ತದೆ. ನಮ್ಮ ಯುವಕರು ಎರಡು ರಾತ್ರಿಗಳನ್ನಲ್ಲ, ವರ್ಷಾನುಗಟ್ಟಲೆ ರಾತ್ರಿಗಳನ್ನು ಪರದೇಶದಲ್ಲಿ ಕಳೆಯುತ್ತಾರೆ. ಅವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಇರುತ್ತದೆ, ವಸಿಯ್ಯತ್ ಇರುವುದಿಲ್ಲ.

ಇನ್ನು ವಿವಾಹದ ದಾಖಲೆಯ ವಿಚಾರ. ವಿದೇಶದ ಸಂಸ್ಥೆಯಿಂದ ಬಾಕಿ ವೇತನ ಅಥವಾ ಪರಿಹಾರ ಬರಬೇಕಾದರೆ, ತಾನು ಮೃತನ ಪತ್ನಿ ಎಂಬುದನ್ನು ವಿಧವೆ ಸಾಬೀತುಪಡಿಸಬೇಕು. ಮಸೀದಿಯ ನಿಕಾಹ್ ಪುಸ್ತಕ ನಮಗೆ ಪವಿತ್ರ, ಆದರೆ ಕಡಲಾಚೆಯ ಕಚೇರಿಗೆ ಅದೊಂದೇ ಸಾಲದು. ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ರಾಜ್ಯ ಸರಕಾರವು 2023ರ ಆಗಸ್ಟ್‌ನಲ್ಲಿ ವಕ್ಫ್ ಮಂಡಳಿಗೆ ಕೊಟ್ಟಿತ್ತು. 2024ರ ನವೆಂಬರ್‌ನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಆದ್ದರಿಂದ 1976ರ ಕರ್ನಾಟಕ ವಿವಾಹ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದೇ ಸುರಕ್ಷಿತ. ಸೌದಿ ಅರೇಬಿಯಾವು 2022ರ ಡಿಸೆಂಬರ್‌ನಿಂದ ಹೇಗ್ ಅಪೊಸ್ಟಿಲ್ ಒಪ್ಪಂದದ ವ್ಯಾಪ್ತಿಗೆ ಬಂದಿರುವುದರಿಂದ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯುಳ್ಳ ಸರಕಾರಿ ದಾಖಲೆಗೆ ಅಲ್ಲಿ ಮಾನ್ಯತೆ ಇದೆ. ಆದರೆ ಮುದ್ರೆ ಹಾಕಿಸಲು ಮೊದಲು ದಾಖಲೆ ಇರಬೇಕಲ್ಲವೇ?

ದಾಖಲೆಗಳಲ್ಲಿ ತಾಳೆ ಇರುವುದೂ ಅಷ್ಟೇ ಮುಖ್ಯ. ಹರಪನಹಳ್ಳಿಯನ್ನೇ ನೋಡಿರಿ. 1997ರಲ್ಲಿ ಅದು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಕದಲಲಿಲ್ಲ, ಆದರೆ ಒಬ್ಬನೇ ವ್ಯಕ್ತಿಯ ಜನನ ಪತ್ರ, ಪಾಸ್‌ಪೋರ್ಟ್ ಮತ್ತು ವಂಶವೃಕ್ಷದಲ್ಲಿ ಮೂರು ಜಿಲ್ಲೆಗಳ ಹೆಸರಿರಬಹುದು. ಅದರ ಮೇಲೆ ಉರ್ದುವಿನ ಹೆಸರನ್ನು ಒಂದೊಂದು ಕಚೇರಿ ಒಂದೊಂದು ಬಗೆಯಲ್ಲಿ ಬರೆದಿರುತ್ತದೆ. ಮರಣದ ನಂತರ ಇವುಗಳನ್ನು ಸರಿಪಡಿಸಲು ಅಲೆಯಬೇಕಾದವಳು ಆ ವಿಧವೆ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ವಿದೇಶಕ್ಕೆ ಹೋಗುವಾಗ ಸಹೋದರನಿಗೆ ಬರೆದುಕೊಟ್ಟ ಮುಖ್ತಿಯಾರ್ ಪತ್ರವು, ಬರೆದುಕೊಟ್ಟವನ ಮರಣದೊಂದಿಗೆ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಆ ನಂತರ ಸೊತ್ತು ವಾರಸುದಾರರದು, ಮುಖ್ತಿಯಾರನದಲ್ಲ. ವಿಷಯ ತಿಳಿದ ಮೇಲೂ ಆ ಪತ್ರವನ್ನು ಬಳಸಿ ಮನೆ ಮಾರುವವನು ಯತೀಮರ ಸೊತ್ತಿಗೆ ಕೈಹಾಕುತ್ತಿದ್ದಾನೆ. ಅದರ ಶಿಕ್ಷೆಯೇನೆಂಬುದನ್ನು ವಿವರಿಸುವ ಅಗತ್ಯವಿಲ್ಲ.

ಹಾಗಾದರೆ ಮಾಡಬೇಕಾದುದೇನು? ವಿದೇಶಕ್ಕೆ ಹೊರಟ ಪ್ರತಿಯೊಬ್ಬನೂ ನಿಕಾಹ್ ನೋಂದಾಯಿಸಲಿ. ಸಾಲ, ಬಾಕಿ ಮಹರ್ ಮತ್ತು ವಸಿಯ್ಯತ್ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಲಿ. ಖರೀದಿಸಬಹುದಾದ ಮನೆ, ನಿವೇಶನವನ್ನು ತನ್ನ ಅಥವಾ ಪತ್ನಿಯ ಹೆಸರಿನಲ್ಲೇ ಖರೀದಿಸಲಿ. ಮಗನ ಹಣದಿಂದ ಹೊಲ ಕೊಂಡ ತಂದೆ ಮೊಮ್ಮಕ್ಕಳಿಗಾಗಿ ವಸಿಯ್ಯತ್ ನೋಂದಾಯಿಸಲಿ. ಜಮಾಅತ್‌ಗಳು ರಮಝಾನ್‌ನ ಒಂದು ಜುಮಾ ಖುತ್ಬಾವನ್ನಾದರೂ ಇದಕ್ಕೆ ಮೀಸಲಿಡಲಿ. ನಮ್ಮಲ್ಲಿ ಕಾನೂನು ಓದಿದ ಯುವಕ ಯುವತಿಯರಿದ್ದಾರೆ. ಗಡಿಯಾಚೆಯ ಕುಟುಂಬ ವ್ಯಾಜ್ಯಗಳ ಕಾನೂನನ್ನು ಅವರು ವಿಶೇಷವಾಗಿ ಅಭ್ಯಸಿಸಬೇಕು. ವಂಚಿತಳಾದ ಹೆಣ್ಣುಮಗಳು ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಬಹುದು. 1987ರ ಕಾಯ್ದೆಯಂತೆ ಆದಾಯವೆಷ್ಟೇ ಇರಲಿ, ಮಹಿಳೆಗೆ ಅಲ್ಲಿ ಉಚಿತ ಕಾನೂನು ನೆರವಿನ ಹಕ್ಕಿದೆ.

ಶರೀಅತ್‌ಗೆ ಅಪಾಯ ಬಂದಿದೆಯೆಂದು ನಾವು ಬೀದಿಗಿಳಿಯುತ್ತೇವೆ. ಅದೇ ಶರೀಅತ್ ನಮ್ಮದೇ ಮನೆಯ ವಿಧವೆಗೆ ನಿಗದಿಪಡಿಸಿದ ಎಂಟನೆಯ ಒಂದು ಪಾಲು, ಒಂದು ಹಾಳೆ ಬರೆಯದ ಆಲಸ್ಯದಿಂದಾಗಿ ಕಳೆದುಹೋಗುತ್ತಿದೆ. ಮೊದಲು ಆ ಹಾಳೆಯನ್ನು ಬರೆಯೋಣ.